ಮದುವೆಗೆ ಮುಂಚೆ ಫ್ಲ್ಯಾಟ್ ತಗೊಳ್ಳೋದಾ, ಬಾಡಿಗೆಗೆ ಇರೋದಾ?

ಪ್ರಶ್ನೆ: ಮೇಡಂ, ನನಗೆ 27 ವರ್ಷ. ಪೀಣ್ಯದ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ನಿಶ್ಚಿತಾರ್ಥ ಆಗಿದೆ, ವೈಶಾಖದಲ್ಲಿ ಮದುವೆ. ಹುಡುಗನಿಗೆ ವೈಟ್‌ಫೀಲ್ಡ್‌ನಲ್ಲಿ ಕೆಲಸ. ಇಬ್ಬರದೂ ಸೇರಿ ತಿಂಗಳಿಗೆ 1 ಲಕ್ಷ 5 ಸಾವಿರ ಕೈಗೆ ಬರುತ್ತದೆ. ಉಳಿತಾಯ 14 ಲಕ್ಷ ಇದೆ, ಅದರಲ್ಲಿ 8 ಲಕ್ಷ ನನ್ನದು. ‘ಬಾಡಿಗೆ ಕಟ್ಟೋದು ದಂಡ, ಈಗಲೇ ಒಂದು ಫ್ಲ್ಯಾಟ್ ಮಾಡ್ಕೊಂಡುಬಿಡಿ’ ಅಂತ ಹುಡುಗನ ತಂದೆ ಹೇಳುತ್ತಿದ್ದಾರೆ. ನೋಡಿರುವ ಫ್ಲ್ಯಾಟಿಗೆ 72 ಲಕ್ಷ. ಇನ್ನೂ ಕಟ್ಟುತ್ತಿದ್ದಾರೆ, ಎರಡು ವರ್ಷದಲ್ಲಿ ಕೊಡುತ್ತಾರಂತೆ. ದುಡ್ಡು ಸಾಲದಿದ್ದರೆ ಅರಸೀಕೆರೆ ಹತ್ತಿರದ ತೆಂಗಿನ ತೋಟದಲ್ಲಿ ಒಂದು ಎಕರೆ ಮಾರಲು ಅವರು ತಯಾರಿದ್ದಾರೆ. ಅಗ್ರಿಮೆಂಟ್ ಸದ್ಯಕ್ಕೆ ಹುಡುಗನ ಹೆಸರಿಗೆ ಇರಲಿ, ಮದುವೆ ಆದಮೇಲೆ ನಿನ್ನ ಹೆಸರೂ ಸೇರಿಸಿದರಾಯ್ತು ಅನ್ನುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ಬೆಂಗಳೂರು

ಉತ್ತರ: ಮೊದಲು ನಿಮಗೆ ಶುಭಾಶಯ. ನಾನು 31 ವರ್ಷ ಬ್ಯಾಂಕಿನಲ್ಲಿದ್ದೆ, ಅದರಲ್ಲಿ ಜಾಸ್ತಿ ವರ್ಷ ಗೃಹಸಾಲದ ವಿಭಾಗದಲ್ಲೇ. ನಿಮ್ಮಂಥ ಜೋಡಿಗಳು ನನ್ನ ಮೇಜಿನ ಮುಂದೆ ಎಷ್ಟೋ ಬಾರಿ ಕೂತಿದ್ದಾರೆ. ನನ್ನ ಮಾತು ನೇರವಾಗಿ ಹೇಳಿಬಿಡುತ್ತೇನೆ: ಈಗ ಬೇಡ. ಎರಡು ಮೂರು ವರ್ಷ ಬಾಡಿಗೆ ಮನೆಯಲ್ಲಿರಿ.

ಯಾಕೆ ಅಂತ ಲೆಕ್ಕ ಹಾಕೋಣ. 72 ಲಕ್ಷದ ಫ್ಲ್ಯಾಟಿಗೆ ಬ್ಯಾಂಕು ಹೆಚ್ಚೆಂದರೆ ಶೇ 80 ಸಾಲ ಕೊಡುತ್ತದೆ. ಅಂದರೆ 57 ಲಕ್ಷ 60 ಸಾವಿರ. ಉಳಿದ 14 ಲಕ್ಷ 40 ಸಾವಿರ ನಿಮ್ಮ ಕೈಯಿಂದ. ನಿಮ್ಮ ಉಳಿತಾಯ ಅಲ್ಲಿಗೇ ಮುಗಿಯಿತು. ಕಟ್ಟುತ್ತಿರುವ ಫ್ಲ್ಯಾಟ್ ಆದ್ದರಿಂದ ಶೇ 5 ಜಿಎಸ್‌ಟಿ ಇದೆ, ಅದು 3 ಲಕ್ಷ 60 ಸಾವಿರ. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 1 ಇದ್ದದ್ದು ಶೇ 2 ಆಗಿದೆ. ಸ್ಟಾಂಪ್ ಡ್ಯೂಟಿ, ಸೆಸ್ ಎಲ್ಲ ಸೇರಿಸಿದರೆ ಸುಮಾರು ಶೇ 7.6, ಅಂದರೆ ಐದೂವರೆ ಲಕ್ಷದ ಹತ್ತಿರ. ಸ್ಟಾಂಪ್ ಡ್ಯೂಟಿ, ನೋಂದಣಿಯ ಖರ್ಚನ್ನು ಬ್ಯಾಂಕು ಸಾಲದ ಲೆಕ್ಕಕ್ಕೆ ಸೇರಿಸುವುದಿಲ್ಲ. ಜಿಎಸ್‌ಟಿಯನ್ನೂ ನೀವೇ ಕಟ್ಟುವುದಾದರೆ ಒಟ್ಟು ಇಪ್ಪತ್ಮೂರೂವರೆ ಲಕ್ಷ ಕೈಯಿಂದಲೇ ಹಾಕಬೇಕು. ಇದರಲ್ಲಿ ಮದುವೆ ಖರ್ಚು ಸೇರಿಲ್ಲ, ವಾರ್ಡ್‌ರೋಬು, ಗೀಸರು ಯಾವುದೂ ಸೇರಿಲ್ಲ.

ಇನ್ನು ಕಂತು. ಶೇ 8.5 ಬಡ್ಡಿ, 20 ವರ್ಷ ಅಂತ ಇಟ್ಟುಕೊಂಡರೆ ತಿಂಗಳಿಗೆ 50 ಸಾವಿರ ಆಗುತ್ತದೆ. ಮೊದಲ ತಿಂಗಳ ಆ 50 ಸಾವಿರದಲ್ಲಿ 40,800 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಜಮೆ ಆಗುವುದು 9,200 ಮಾತ್ರ. ಬಾಡಿಗೆ ದಂಡ ಅನ್ನುವವರು ಈ ಬಡ್ಡಿಯನ್ನು ಯಾಕೆ ದಂಡ ಅನ್ನುವುದಿಲ್ಲ ಅಂತ ನನಗೆ ಮೊದಲಿಂದಲೂ ಬೇಸರ. ಅದಕ್ಕಿಂತ ಕಷ್ಟದ ವಿಷಯ, ಕಟ್ಟಡ ಮುಗಿಯುವ ತನಕ ನೀವು ಬಾಡಿಗೆ ಮನೆಯಲ್ಲೇ ಇರಬೇಕಲ್ವಾ? ಕಟ್ಟಡ ಮೇಲೇಳುತ್ತಾ ಬಂದಂತೆ ಬ್ಯಾಂಕು ಹಂತಹಂತವಾಗಿ ದುಡ್ಡು ಬಿಡುತ್ತದೆ. ಅರ್ಧ ಸಾಲ ಬಿಟ್ಟ ಹೊತ್ತಿಗೇ ತಿಂಗಳಿಗೆ 20,400 ಬರೀ ಬಡ್ಡಿ. ಅದರ ಮೇಲೆ 25 ಸಾವಿರ ಬಾಡಿಗೆ. ಇಷ್ಟು ಕಟ್ಟಿದರೂ ಅಸಲು ಒಂದು ರೂಪಾಯಿ ಕರಗುವುದಿಲ್ಲ. ಎರಡು ವರ್ಷ ಅಂದದ್ದು ನಾಲ್ಕಾದರೆ ಹೊಸ ಸಂಸಾರಕ್ಕೆ ಅದೇ ಉಸಿರುಗಟ್ಟಿಸುತ್ತದೆ.

ಈಗ ನಿಮ್ಮ ಪತ್ರದ ಕೊನೆಯ ಮಾತಿಗೆ ಬರುತ್ತೇನೆ. ನನ್ನ ಮನಸ್ಸು ನಿಂತದ್ದು ಅಲ್ಲೇ. ‘ಆಮೇಲೆ ನಿನ್ನ ಹೆಸರೂ ಸೇರಿಸಿದರಾಯ್ತು.’

ನಮ್ಮ ಮದುವೆ ಆದದ್ದು 1991ರಲ್ಲಿ. ಹನುಮಂತನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ತಿಂಗಳಿಗೆ 900 ರೂಪಾಯಿ. ನಾಲ್ಕು ವರ್ಷ ಆದಮೇಲೆ ಊರ ಹೊರಗೆ ಒಂದು ರೆವಿನ್ಯೂ ಸೈಟು ತಗೊಂಡೆವು. ಅದಕ್ಕೆ ನನ್ನ ನಾಲ್ಕು ಬಳೆ ಹೋದವು. ರಿಜಿಸ್ಟ್ರೇಷನ್ ದಿನ ಸಬ್ ರಿಜಿಸ್ಟ್ರಾರ್ ಕಚೇರಿಯ ಹೊರಗೆ ಮರದ ಬೆಂಚಿನ ಮೇಲೆ ಕೂತಿದ್ದೆ. ನಮ್ಮವರು ಹೆಬ್ಬೆರಳಿನ ಮಸಿ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ನನ್ನನ್ನು ಯಾರೂ ಒಳಗೆ ಕರೆಯಲಿಲ್ಲ, ನಾನೂ ಕೇಳಲಿಲ್ಲ. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಬಳಗದಲ್ಲಿ ಎಲ್ಲರೂ ಮಾಡುತ್ತಿದ್ದದ್ದು ಹಾಗೇ. ಆದರೆ ಆರು ವರ್ಷ ಆದಮೇಲೆ ಆ ಸೈಟು ಮಾರುವ ಮಾತು ಬಂದಾಗ ನನಗೆ ಗೊತ್ತಾಗಿದ್ದು ಮುಂಗಡ ತಗೊಂಡ ಮಾರನೇ ದಿನ. ಬೆಳಿಗ್ಗೆ ಕಾಫಿ ಸೋಸುತ್ತಿದ್ದಾಗ ಹೇಳಿದರು. ಈಗಲೂ ಅದು ಮರೆತಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ. ನಿಮ್ಮ 8 ಲಕ್ಷ ಹೋಗುವ ಕಡೆ ನಿಮ್ಮ ಹೆಸರು ಮೊದಲ ದಿನದಿಂದಲೇ ಇರಲಿ. ಸಾಲ ಇರುವಾಗ ಆಮೇಲೆ ಹೆಸರು ಸೇರಿಸಬೇಕೆಂದರೆ ಬ್ಯಾಂಕಿನ ಒಪ್ಪಿಗೆ ಬೇಕು, ಮತ್ತೆ ಪತ್ರ ನೋಂದಣಿ ಆಗಬೇಕು. ಸಾಲದ ಅರ್ಜಿಯಲ್ಲಿ ಮಾತ್ರ ನಿಮ್ಮ ಸಹಿ ಬಿದ್ದು ಕ್ರಯಪತ್ರದಲ್ಲಿ ಹೆಸರು ಇಲ್ಲದಿದ್ದರೆ ಸಾಲಕ್ಕೆ ಪೂರ್ತಿ ಹೊಣೆ, ಮನೆ ಮಾತ್ರ ನಿಮ್ಮದಲ್ಲ. ಆದಾಯ ತೆರಿಗೆಯಲ್ಲಿ ಆ ಬಡ್ಡಿಯ ವಿನಾಯಿತಿಯೂ ಸಿಗುವುದಿಲ್ಲ. ಇದನ್ನು ಹುಡುಗನ ಹತ್ತಿರ ನೀವೇ ಮಾತಾಡಿ, ದೊಡ್ಡವರ ಮೂಲಕ ಬೇಡ. ಸಿಟ್ಟಿಲ್ಲದೆ, ಪಾಸ್‌ಬುಕ್ ಮುಂದೆ ಇಟ್ಟುಕೊಂಡು ಕೇಳಿ. ಅವರು ಒಳ್ಳೆಯವರು ಅಂತಲೇ ನನ್ನ ನಂಬಿಕೆ, ಇದು ಅವರಿಗೆ ಹೊಳೆದಿಲ್ಲ ಅಷ್ಟೆ.

ತೋಟದ ವಿಷಯಕ್ಕೆ ಹುಡುಗನ ತಂದೆಗೆ ನಾನು ಕೈಮುಗಿಯುತ್ತೇನೆ, ದೊಡ್ಡ ಮನಸ್ಸು ಅವರದು. ಆದರೂ ಮಾರಿಸಬೇಡಿ. ತೆಂಗಿನ ಸಸಿ ನೆಟ್ಟು ಕಾಯಿ ನೋಡಲು ಆರೇಳು ವರ್ಷ ಬೇಕು. ಅವರ ವಯಸ್ಸಿನಲ್ಲಿ ಇನ್ನೊಂದು ಸಲ ಅದು ಆಗುವ ಕೆಲಸ ಅಲ್ಲ.

ಮನೆ ಎಲ್ಲಿ ಹುಡುಕಬೇಕು ಅಂದರೆ, ಪೀಣ್ಯ ಹಸಿರು ಮಾರ್ಗದಲ್ಲಿದೆ, ವೈಟ್‌ಫೀಲ್ಡ್ ನೇರಳೆ ಮಾರ್ಗದ ಆ ತುದಿ. ಎರಡೂ ಕೂಡುವುದು ಮೆಜೆಸ್ಟಿಕ್‌ನಲ್ಲಿ. ವಿಜಯನಗರ, ಶ್ರೀರಾಮಪುರದ ಕಡೆ ಸ್ಟೇಷನ್‌ಗೆ ನಡೆದು ಹೋಗುವಷ್ಟು ದೂರದಲ್ಲಿ ನೋಡಿ. ನಾಳೆ ಇಬ್ಬರಲ್ಲಿ ಒಬ್ಬರ ಕೆಲಸ ಬದಲಾದರೆ ಮನೆ ಬದಲಾಯಿಸಿದರಾಯಿತು. ಫ್ಲ್ಯಾಟನ್ನು ಎತ್ತಿಕೊಂಡು ಹೋಗಲು ಆಗುವುದಿಲ್ಲ. ಅಡ್ವಾನ್ಸ್ ಹತ್ತು ತಿಂಗಳದ್ದು ಕೇಳಿದರೆ ಸುಮ್ನೆ ಒಪ್ಪಬೇಡಿ, ಚೌಕಾಸಿ ಮಾಡಿ. ಬಿಡುವಾಗ ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ ಅಂತ ಅಗ್ರಿಮೆಂಟಿನಲ್ಲೇ ಬರೆಸಿ. ಬಾಡಿಗೆ 25 ಸಾವಿರ ಹೋದರೆ, ಕಂತಿಗೆ ಕಟ್ಟಬೇಕಾಗಿದ್ದ ಇನ್ನೊಂದು 25 ಸಾವಿರವನ್ನು ತಿಂಗಳ ಮೊದಲ ವಾರವೇ ಇಬ್ಬರ ಹೆಸರಿನ ಆರ್‌ಡಿಗೆ (ತಿಂಗಳು ತಿಂಗಳು ಕಟ್ಟುವ ಠೇವಣಿ) ಹಾಕಿ. ಮೂರು ವರ್ಷಕ್ಕೆ ಬಡ್ಡಿ ಸೇರಿ ಹತ್ತು ಲಕ್ಷದ ಹತ್ತಿರ ಬರುತ್ತದೆ. ಆಗ ಒಸಿ (ಕಟ್ಟಡ ಮುಗಿದು ವಾಸ ಮಾಡಬಹುದು ಎಂಬ ಅನುಮತಿ ಪತ್ರ) ಆಗಿರುವ ಫ್ಲ್ಯಾಟನ್ನೇ ನೋಡಿ, ಅದಕ್ಕೆ ಜಿಎಸ್‌ಟಿ ಇಲ್ಲ, ಕಾಯುವ ಕಾಟವೂ ಇಲ್ಲ. ಇ-ಖಾತಾ (ಆಸ್ತಿಯ ಡಿಜಿಟಲ್ ಖಾತೆ ಪತ್ರ), ಇಸಿ (ಆಸ್ತಿಯ ಮೇಲೆ ಋಣ ಇದೆಯೇ ಎಂದು ತೋರಿಸುವ ಪತ್ರ) ಎರಡನ್ನೂ ವಕೀಲರಿಗೆ ತೋರಿಸಿ.

ಬಾಡಿಗೆ ಮನೆ ಅಂತ ಹಾಲು ಉಕ್ಕಿಸುವುದನ್ನು ಬಿಡಬೇಡಿ. ಹನುಮಂತನಗರದಲ್ಲಿ ನಮಗೆ ಹಾಲು ತಂದುಕೊಟ್ಟದ್ದು ಮನೆ ಓನರಮ್ಮನೇ. ಉಕ್ಕಿದ ಹಾಲಿಗೆ ಸಕ್ಕರೆ ಹಾಕಿ ಆ ವಠಾರಕ್ಕೆಲ್ಲ ಹಂಚಿದ್ದೆವು.

ಒಂದು ವಿಷಯ ನೀವು ಬರೆದಿಲ್ಲ. ಬುಕಿಂಗ್‌ಗೆ ಅಂತ ಈಗಾಗಲೇ ದುಡ್ಡು ಕೊಟ್ಟಿದ್ದೀರಾ? ಮನೆ ಕೊಳ್ಳುವವರ ರಕ್ಷಣೆಗೆ ಇರುವ ರೇರಾ ಕಾಯ್ದೆಯ ಪ್ರಕಾರ ಅಗ್ರಿಮೆಂಟ್ ನೋಂದಣಿ ಆಗದೆ ಶೇ 10ಕ್ಕಿಂತ ಜಾಸ್ತಿ ತಗೊಳ್ಳುವ ಹಾಗಿಲ್ಲ. ಕೊಟ್ಟಿದ್ದರೆ ರಸೀದಿಯಲ್ಲಿ ಯಾರ ಹೆಸರಿದೆ, ವಾಪಸ್ ಕೊಡುವ ಬಗ್ಗೆ ಏನು ಬರೆದಿದ್ದಾರೆ ಅಂತ ನೋಡಿ ಈ ವಾರವೇ ಮತ್ತೆ ಬರೆಯಿರಿ.