ಸ್ಟೆಂಟಿನ ಮೇಲಿನ ಲೇಪ, ನಿಮ್ಮ ಅಣ್ಣನವರ ಮಾತ್ರೆ

ತಿಪಟೂರಿನ ಓದುಗರೊಬ್ಬರ ಪತ್ರ: “ನಾಲ್ಕು ತಿಂಗಳ ಹಿಂದೆ ನಮ್ಮ ಅಣ್ಣನಿಗೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿಸಿದೆವು. ಬಿಲ್ಲಿನಲ್ಲಿ ‘ಡ್ರಗ್ ಎಲ್ಯೂಟಿಂಗ್’ ಅಂತಿದೆ. ಅದರ ಮೇಲೆ ಹಚ್ಚಿದ ಔಷಧಿ ಕೆಲವೇ ತಿಂಗಳಲ್ಲಿ ಖಾಲಿಯಾಗುತ್ತದಂತೆ, ಹೌದಾ? ಆಮೇಲೆ ಉಳಿಯುವುದು ಬರೀ ತಂತಿ ಅಲ್ವಾ? ಸರ್ಕಾರ ಬೆಲೆ ಇಳಿಸಿದ ಮೇಲೆ ಬರುತ್ತಿರುವುದು ಕಳಪೆ ಮಾಲು, ಫಾರಿನ್‌ದೇ ಹಾಕಿಸಬೇಕಿತ್ತು ಅಂತ ನೆಂಟರು ಹೇಳುತ್ತಾರೆ. ನಮ್ಮದು ಇಂಡಿಯಾದಲ್ಲಿ ಮಾಡಿದ್ದು. ಅಣ್ಣ ಈಗ ಆರಾಮಾಗಿದ್ದಾನೆ. ಹೊಟ್ಟೆ ಉರಿ ಅಂತ ಎರಡು ಮಾತ್ರೆಯಲ್ಲಿ ಒಂದನ್ನು ಬಿಟ್ಟಿದ್ದಾನೆ.”

ಸಂಪಾದಕರ ಉತ್ತರ:

ನಿಮ್ಮ ಕೊನೆಯ ಸಾಲಿನಿಂದಲೇ ಶುರುಮಾಡುತ್ತೇನೆ. ಸಂಚಿಕೆ ಅಚ್ಚಾಗುವವರೆಗೂ ಕಾಯುವ ವಿಷಯ ಇದಲ್ಲ ಅಂತ ನಿಮಗೆ ಆಗಲೇ ಬೇರೆಯಾಗಿ ಬರೆದಿದ್ದೇವೆ. ಮಾತ್ರೆ ಬಿಟ್ಟಿರುವ ಸಂಗತಿಯನ್ನು ತಕ್ಷಣ ಸ್ಟೆಂಟ್ ಹಾಕಿದ ಡಾಕ್ಟರಿಗೆ ತಿಳಿಸಿ. ಹೊಟ್ಟೆ ಉರಿಗೆ ಬೇರೆ ಮಾತ್ರೆ ಇದೆ. ಅದನ್ನೂ ಅವರೇ ಬರೆದುಕೊಡಲಿ. ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ತಗೊಳ್ಳಬೇಡಿ. ಒಮೆಪ್ರಜೋಲ್‌ನಂಥ ಕೆಲವು ಹೊಟ್ಟೆ ಉರಿ ಮಾತ್ರೆಗಳು, ರಕ್ತ ಹೆಪ್ಪುಗಟ್ಟದಂತೆ ಕೊಡುವ ಕ್ಲೊಪಿಡೊಗ್ರೆಲ್ ಮಾತ್ರೆಯ ಶಕ್ತಿಯನ್ನು ಕುಗ್ಗಿಸುತ್ತವೆ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಸ್ಟೆಂಟಿನ ಮೇಲಿನ ಲೇಪ, ಬಾಯಿಗೆ ಹಾಕುವ ಮಾತ್ರೆ ಎರಡೂ ಸೇರಿದರೇ ಚಿಕಿತ್ಸೆ ಪೂರ್ತಿ. ನಿಮ್ಮ ಉಳಿದ ಪ್ರಶ್ನೆಗಳಿಗೂ ಉತ್ತರ ಇದರಲ್ಲೇ ಇದೆ.

1977ರಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್‌ಜಿಗ್ ಎಂಬ ವೈದ್ಯರು ಹೃದಯದ ಕಟ್ಟಿಕೊಂಡ ರಕ್ತನಾಳವನ್ನು ಸಣ್ಣ ಬಲೂನಿನಿಂದ ಹಿಗ್ಗಿಸಿದರು. ಹಿಗ್ಗಿಸಿದ ನಾಳ ಮತ್ತೆ ಕುಗ್ಗುತ್ತಿತ್ತು. ಅದನ್ನು ತಡೆಯಲು ಒಳಗೆ ಲೋಹದ ಬಲೆಯನ್ನು, ಅಂದರೆ ಸ್ಟೆಂಟನ್ನು, ಬಿಟ್ಟುಬರುವ ಕೆಲಸ 1986ರಲ್ಲಿ ಫ್ರಾನ್ಸಿನ ತುಲೂಸ್‌ನಲ್ಲಿ, ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಶುರುವಾಯಿತು. ನಾಳ ಕುಸಿಯುವುದು ನಿಂತಿತು, ನಿಜ. ಆದರೆ ಹೊಸ ತೊಂದರೆ ಬಂತು. ಬಲೂನಿನಿಂದ ಗಾಯವಾದ ನಾಳದ ಗೋಡೆ ಗಾಯ ಮಾಯಿಸಿಕೊಳ್ಳುವ ಭರದಲ್ಲಿ ಅತಿಯಾಗಿ ಬೆಳೆಯುತ್ತದೆ. ಬಲೆಯ ಸಂದಿಗಳಿಂದ ಮಾಂಸ ಒಳಗೆ ನುಗ್ಗಿ ಮತ್ತೆ ದಾರಿ ಮುಚ್ಚುತ್ತದೆ. ಬರಿ ಲೋಹದ ಸ್ಟೆಂಟ್ ಹಾಕಿಸಿಕೊಂಡವರಲ್ಲಿ ನೂರಕ್ಕೆ 20ರಿಂದ 30 ಮಂದಿಗೆ ಹೀಗಾಗುತ್ತಿತ್ತು.

ಇದಕ್ಕೆ ಸಿಕ್ಕ ಮದ್ದಿನ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1964ರಲ್ಲಿ ಕೆನಡಾದ ತಂಡವೊಂದು ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದಿಂದ ಮಣ್ಣು ತಂದಿತ್ತು. ಆ ಮಣ್ಣಿನ ಒಂದು ಬ್ಯಾಕ್ಟೀರಿಯಾದಿಂದ ಮಾಂಟ್ರಿಯಲ್‌ನ ಔಷಧ ಕಂಪನಿಯ ಪ್ರಯೋಗಾಲಯದಲ್ಲಿ ರಪಮೈಸಿನ್ ಎಂಬ ಪದಾರ್ಥವನ್ನು ಬೇರ್ಪಡಿಸಿದರು. ಆ ಕೆಲಸದ ಮುಂದಾಳು ಸುರೇಂದ್ರನಾಥ ಸೆಹಗಲ್, ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಓದಿದವರು. 80ರ ದಶಕದ ಮೊದಲಿಗೆ ಕಂಪನಿ ಆ ಪ್ರಯೋಗಾಲಯವನ್ನು ಮುಚ್ಚಿತು. ಸೆಹಗಲ್ ಒಂದಿಷ್ಟು ಮಾದರಿಯನ್ನು ಮನೆಗೆ ಒಯ್ದು ಫ್ರೀಜರಿನಲ್ಲಿ ಜೋಪಾನ ಮಾಡಿದರು. ಸಿರೋಲಿಮಸ್ ಎಂಬ ಹೆಸರಿನಲ್ಲಿ ಅದು 1999ರಲ್ಲಿ ಅಮೆರಿಕದಲ್ಲಿ ಕಿಡ್ನಿ ಕಸಿ ಮಾಡಿಸಿಕೊಂಡವರ ಔಷಧಿಯಾಯಿತು. ಜೀವಕೋಶ ಬೆಳೆದು ಹೆಚ್ಚುವುದನ್ನು ತಡೆಯುವುದು ಅದರ ಗುಣ. ಸ್ಟೆಂಟಿಗೆ ಬೇಕಿದ್ದದ್ದೂ ಅದೇ. ಅದನ್ನು ಹಚ್ಚಿದ ‘ಸೈಫರ್’ ಸ್ಟೆಂಟಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2003ರ ಏಪ್ರಿಲ್‌ನಲ್ಲಿ. ಸೆಹಗಲ್ ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡಿದ್ದರು. ಇಂಥವರ ಹೆಸರು ನಮ್ಮ ಮಕ್ಕಳಿಗೆ ಗೊತ್ತಿರಬೇಕು.

ಇನ್ನು ಹಚ್ಚುವ ಕೆಲಸ. ಪೆನ್ನಿನ ರೀಫಿಲ್‌ಗಿಂತ ಸಣ್ಣ ಲೋಹದ ನಳಿಗೆಯನ್ನು ಲೇಸರಿನಿಂದ ಕೊರೆದು ಬಲೆ ಮಾಡುತ್ತಾರೆ. ಆಸಿಡ್ ದ್ರಾವಣದಲ್ಲಿ ಕರೆಂಟ್ ಹಾಯಿಸಿ ಅಂಚುಗಳನ್ನು ನುಣುಪು ಮಾಡುತ್ತಾರೆ. ಆಮೇಲೆ ದೂಳಿಲ್ಲದ ಕೋಣೆಯಲ್ಲಿ ಔಷಧಿ ಬೆರೆತ ಪಾಲಿಮರನ್ನು (ಪ್ಲಾಸ್ಟಿಕ್ ಜಾತಿಯ ಪದಾರ್ಥ) ತುಂತುರಾಗಿ ಸಿಂಪಡಿಸುತ್ತಾರೆ. ಸಿಂಪಡಿಸುವ ಮುಂಚೆ ಒಂದು ಸಲ, ಆದ ಮೇಲೆ ಒಂದು ಸಲ ತೂಕ. ಸೈಫರ್ ಮೇಲೆ ಇದ್ದ ಔಷಧಿ ಒಂದು ಮಿಲಿಗ್ರಾಮಿನ ಮೂರನೇ ಒಂದು ಭಾಗಕ್ಕೂ ಕಡಿಮೆ. ಕಬ್ಬಿಣದ ಗೇಟಿಗೆ ಬಣ್ಣ ಹೊಡೆಯುವ ಮುಂಚೆ ರೆಡ್ ಆಕ್ಸೈಡ್ ಹಚ್ಚುತ್ತೇವಲ್ಲ, ಹಾಗೆ ಸೈಫರ್‌ನಲ್ಲೂ ಮೊದಲು ಪ್ಯಾರಿಲೀನ್ ಎಂಬ ಅಸ್ತರು, ಅದರ ಮೇಲೆ ಔಷಧಿಯ ಪದರ, ಔಷಧಿ ಒಂದೇ ಸಲಕ್ಕೆ ಬಿಡದಂತೆ ಮೇಲೊಂದು ತೆಳು ಪದರ. ಬಲೂನಿನ ಮೇಲೆ ಹಿಸುಕಿ ಕೂರಿಸಿದಾಗ ಸ್ಟೆಂಟಿನ ಅಗಲ ಸುಮಾರು ಒಂದು ಮಿಲಿಮೀಟರು. ನಾಳದೊಳಗೆ ಅರಳಿದಾಗ ಮೂರು ಮಿಲಿಮೀಟರಿನಷ್ಟು. ಅಷ್ಟು ಹಿಗ್ಗಿದರೂ ಲೇಪ ಬಿರುಕು ಬಿಡಬಾರದು, ಸಿಪ್ಪೆ ಏಳಬಾರದು, ಬಲೆಯ ಕಣ್ಣುಗಳಲ್ಲಿ ಪೊರೆ ಕಟ್ಟಬಾರದು. ಒಳ್ಳೆಯ ಸ್ಟೆಂಟ್ ಯಾವುದು, ಕಳಪೆ ಯಾವುದು ಅನ್ನುವುದು ಮುಖ್ಯವಾಗಿ ಇಲ್ಲಿ ಗೊತ್ತಾಗುತ್ತದೆ.

ನೀವು ಕೇಳಿದ್ದು ಸರಿ, ಔಷಧಿ ಖಾಲಿಯಾಗುತ್ತದೆ. ಸೈಫರ್‌ನಲ್ಲಿ ನೂರಕ್ಕೆ 80 ಪಾಲು ಮೊದಲ 30 ದಿನದಲ್ಲೇ ಬಿಡುಗಡೆಯಾಗುತ್ತಿತ್ತು. ಗಾಯದ ಬೆಳವಣಿಗೆ ಜಾಸ್ತಿ ಇರುವುದು ಶುರುವಿನ ವಾರಗಳಲ್ಲೇ ಆದ್ದರಿಂದ ಅಷ್ಟು ಸಾಕು. ಆದರೆ ಇದೇ ಔಷಧಿ ಬೇಡದ ಕೆಲಸವನ್ನೂ ಮಾಡುತ್ತದೆ. ಬಲೆಯ ತಂತಿಗಳ ಮೇಲೆ ನಾಳದ ಒಳಪೊರೆ ಹಬ್ಬಿ ಮುಚ್ಚಿಕೊಳ್ಳಬೇಕು. ಅದನ್ನೂ ತಡಮಾಡುತ್ತದೆ. ಪೊರೆ ಮುಚ್ಚದ ಲೋಹ ರಕ್ತಕ್ಕೆ ತಾಗುತ್ತಲೇ ಇದ್ದರೆ ಹೆಪ್ಪುಗಟ್ಟುವ ಅಪಾಯ. ಹೆಪ್ಪು ಕಟ್ಟಿದರೆ ನಾಳ ಮೆಲ್ಲಗೆ ಮುಚ್ಚುವುದಿಲ್ಲ, ಒಮ್ಮೆಗೇ ಮುಚ್ಚುತ್ತದೆ. 2006ರಲ್ಲಿ ಬಾರ್ಸಿಲೋನಾದ ಹೃದ್ರೋಗ ತಜ್ಞರ ಸಮ್ಮೇಳನದಲ್ಲಿ ಈ ವಿಷಯ ದೊಡ್ಡ ಗಲಾಟೆಯಾಯಿತು. ಔಷಧಿ ಮುಗಿದ ಮೇಲೂ ಉಳಿದುಹೋಗುವ ಪಾಲಿಮರ್ ಕೆಲವರ ನಾಳದಲ್ಲಿ ಉರಿಯೂತ ತರುತ್ತದೆ ಅನ್ನುವುದೂ ಚರ್ಚೆಗೆ ಬಂತು.

ಆಮೇಲಿನ ಸುಧಾರಣೆಯೆಲ್ಲ ಇದರ ಸುತ್ತಲೇ ನಡೆದಿದೆ. ಸ್ಟೇನ್‌ಲೆಸ್ ಸ್ಟೀಲಿನ ಸೈಫರ್‌ನ ತಂತಿ 140 ಮೈಕ್ರಾನ್ ದಪ್ಪ ಇತ್ತು. ಇನ್ನೂ ಗಟ್ಟಿಯಾದ ಕೋಬಾಲ್ಟ್ ಕ್ರೋಮಿಯಂ ಮಿಶ್ರಲೋಹದಿಂದ ಅದು 80ಕ್ಕೆ ಇಳಿಯಿತು, ಹೆಚ್ಚುಕಡಿಮೆ ಒಂದು ತಲೆಗೂದಲಷ್ಟು. ರಕ್ತಕ್ಕೆ ಹೊಂದಿಕೊಳ್ಳುವ ಪಾಲಿಮರ್‌ಗಳು ಬಂದವು, ಔಷಧಿ ಬಿಟ್ಟ ಮೇಲೆ ತಾವೂ ಕರಗಿಹೋಗುವ ಪಾಲಿಮರ್‌ಗಳು ಬಂದವು. ಇಡೀ ಸ್ಟೆಂಟೇ ಕರಗುವ ‘ಅಬ್ಸಾರ್ಬ್’ ಕೂಡ ಬಂತು. ಅದರ ತಂತಿ ದಪ್ಪವಾಗಿತ್ತು, ಹೆಪ್ಪು ಜಾಸ್ತಿಯಾಯಿತು, 2017ರಲ್ಲಿ ಮಾರಾಟ ನಿಂತಿತು. ಹೊಸದು, ದುಬಾರಿ ಅಂದಮಾತ್ರಕ್ಕೆ ಒಳ್ಳೆಯದು ಅಂತ ನೆಂಟರು ಹೇಳಿದರೆ ಈ ಉದಾಹರಣೆ ಕೊಡಿ.

ಬೆಲೆಯ ವಿಷಯ. ಮೊದಲು ಔಷಧಿ ಲೇಪದ ಸ್ಟೆಂಟಿಗೆ ಲಕ್ಷ ದಾಟುವ ಬಿಲ್ ಮಾಮೂಲಾಗಿತ್ತು. 2017ರ ಫೆಬ್ರುವರಿಯಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಅದಕ್ಕೆ 29,600 ರೂಪಾಯಿ, ಬರಿ ಲೋಹದ್ದಕ್ಕೆ 7,260 ರೂಪಾಯಿ ಮಿತಿ ಹಾಕಿತು. ಮಿತಿಯ ಮೊತ್ತ ಆಮೇಲೆ ಬದಲಾಗುತ್ತ ಬಂದಿದೆ. ಈ ಮಿತಿ ಫಾರಿನ್ ಸ್ಟೆಂಟಿಗೂ ಒಂದೇ. ಹಾಗಾಗಿ ಬೆಲೆ ನೋಡಿ ಗುಣ ಅಳೆಯಲಾಗದು. ಸೂರತ್‌ನ ಸಹಜಾನಂದ ಮೆಡಿಕಲ್ ಟೆಕ್ನಾಲಜೀಸ್‌ನ ‘ಸುಪ್ರಾಫ್ಲೆಕ್ಸ್’ ಸ್ಟೆಂಟಿನ ತಂತಿ 60 ಮೈಕ್ರಾನ್. ಯುರೋಪಿನ 7 ದೇಶಗಳಲ್ಲಿ 1,435 ರೋಗಿಗಳಲ್ಲಿ ಅದನ್ನು ಹೆಸರಾಂತ ಅಮೆರಿಕನ್ ಸ್ಟೆಂಟ್ ‘ಝೈಯೆನ್ಸ್’ ಜತೆ ಹೋಲಿಸಿ ನೋಡಿದರು. 2019ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಫಲಿತಾಂಶದ ಪ್ರಕಾರ ಒಂದು ವರ್ಷದ ಲೆಕ್ಕದಲ್ಲಿ ಅದು ಹಿಂದೆ ಬೀಳಲಿಲ್ಲ. ಇದರಿಂದ ಇಂಡಿಯಾದ ಪ್ರತಿ ಸ್ಟೆಂಟೂ ಪಾಸಾಯಿತು ಅಂತಲ್ಲ. ಯಾವ ದೇಶದ್ದು ಅನ್ನುವುದಕ್ಕಿಂತ, ಈ ಮಾದರಿಯನ್ನು ರೋಗಿಗಳಲ್ಲಿ ಪರೀಕ್ಷಿಸಿ ಫಲಿತಾಂಶ ಪ್ರಕಟಿಸಿದ್ದಾರಾ ಅಂತ ಡಾಕ್ಟರನ್ನು ಕೇಳಿ. ಕೇಳುವ ಹಕ್ಕು ನಿಮಗಿದೆ.

ನಿಮ್ಮ ಅಣ್ಣನವರ ಎರಡು ಮಾತ್ರೆ ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಅಥವಾ ಅದರ ಜಾತಿಯದೇ ಇರಬೇಕು. ಒಳಪೊರೆ ತಂತಿಗಳನ್ನು ಮುಚ್ಚುವ ತನಕ ಹೆಪ್ಪುಗಟ್ಟದಂತೆ ಕಾಯುವುದು ಅವೇ. ಹಾರ್ಟ್ ಅಟ್ಯಾಕ್ ಆದವರಿಗೆ ಸಾಮಾನ್ಯವಾಗಿ ಎರಡನ್ನೂ ಒಂದು ವರ್ಷ ಕೊಡುತ್ತಾರೆ. ರಕ್ತಸ್ರಾವದ ಭಯ ಇದ್ದವರಿಗೆ ಬೇಗ ನಿಲ್ಲಿಸುವುದೂ ಉಂಟು. ಆ ತೀರ್ಮಾನ ಡಾಕ್ಟರದ್ದು. ಎದೆನೋವಿಲ್ಲ, ಆರಾಮಾಗಿದ್ದೇನೆ ಅನ್ನುವುದರಿಂದ ಪೊರೆ ಮುಚ್ಚಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ.

ಡಿಸ್ಚಾರ್ಜ್ ಆಗುವಾಗ ಸ್ಟೆಂಟಿನ ಹೆಸರು, ಅಳತೆ, ಬ್ಯಾಚ್ ನಂಬರ್ ಇರುವ ಕಾರ್ಡೋ ಸ್ಟಿಕರೋ ಕೊಟ್ಟಿರುತ್ತಾರೆ. ಕೊಟ್ಟಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ ಕೇಳಿ ಪಡೆಯಿರಿ. ಮನೆಯ ಇಬ್ಬರ ಫೋನಿನಲ್ಲಾದರೂ ಅದರ ಫೋಟೊ ಇರಲಿ. ಹಲ್ಲು ಕೀಳಿಸುವುದಿರಲಿ, ಬೇರೆ ಆಪರೇಷನ್ ಇರಲಿ, ಆ ಕಾರ್ಡು ತೋರಿಸಿ. ಅಲ್ಲಿಯವರು ಮಾತ್ರೆ ನಿಲ್ಲಿಸಿ ಅಂದರೆ ಮೊದಲು ಹೃದಯದ ಡಾಕ್ಟರನ್ನು ಕೇಳಿ, ಆಮೇಲೆ ನಿಲ್ಲಿಸಿ.