ತೋಟದ ಅಂಚಲ್ಲಿ ಮಂಗ ಸತ್ತು ಬಿದ್ದಿದೆ. ಆರೋಗ್ಯ ಇಲಾಖೆಗೆ ಹೇಳಲೇಬೇಕಾ, ನಾವೇ ಹೂಳಿದರೆ ಆಗೋದಿಲ್ವಾ?

ಹೂಳಬೇಡಿ. ಮುಟ್ಟಲೂ ಬೇಡಿ. ಅದು ಮಂಗನ ಕಾಯಿಲೆಯಿಂದ (ಕೆಎಫ್‌ಡಿ) ಸತ್ತಿರಬಹುದು. ಮೊದಲು ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ, ಆಮೇಲೆ ಮುಂದೆ ಓದಿ.

"ಕೊಯ್ಲಿನ ಸಮಯ, ಸುದ್ದಿಯಾದರೆ ಕೂಲಿಯವರು ಬರೋದಿಲ್ಲ" ಅಂತ ಬರೆದಿದ್ದೀರಲ್ಲ, ನಮ್ಮ ಮನೆಯಲ್ಲೂ ಅವತ್ತು ಇದೇ ಮಾತಾಗಿತ್ತು. ನಮ್ಮದು ಸಾಗರದ ಕಡೆ. ಅಡಿಕೆ ತೋಟ, ಅದರ ಮೇಲೆ ಸೊಪ್ಪಿನ ಬೆಟ್ಟ. ಬೆಟ್ಟಕ್ಕೆ ಹತ್ತುವ ದಾರಿಯಲ್ಲಿ ಒಂದು ಮುಸಿಯ, ಅಂದರೆ ಕಪ್ಪು ಮೋರೆಯ ಮಂಗ, ಸತ್ತು ಬಿದ್ದಿತ್ತು. ಮೈಮೇಲೆ ಒಂದು ಗಾಯವೂ ಇರಲಿಲ್ಲ. ಹನುಮಂತನ ಜಾತಿ, ಹಾಗೇ ಬಿಡಬಾರದು ಅಂದರು ಅಪ್ಪ. ಬಿದಿರಿನ ಗಳಕ್ಕೆ ಕಟ್ಟಿ, ಕೊಟ್ಟಿಗೆ ಪಕ್ಕದ ದಾರಿಯಲ್ಲೇ ಹೊತ್ತುಕೊಂಡು ಹೊಳೆ ಕಡೆ ಒಯ್ದೆವು. ಹೂವು ಹಾಕಿ, ಕೈಮುಗಿದು ಸುಟ್ಟೆವು. ಹೊರಗೆ ಬಾಯಿ ಬಿಡಬೇಡಿ ಎಂದು ಕೆಲಸದವರಿಗೆ ಹೇಳಿದ್ದು ನಾನೇ.

ಇಲ್ಲಿ ತಪ್ಪು ಎಲ್ಲಾಯಿತು ಎಂದು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಯಾಕಂದ್ರೆ "ಸುಟ್ಟಾಯ್ತಲ್ಲ, ಇನ್ನೇನು?" ಎಂದು ಕೇಳುವವರೇ ಜಾಸ್ತಿ. ಮಂಗನ ಕಾಯಿಲೆ ಹರಡುವುದು ಉಣುಗಿನಿಂದ, ಅಂದರೆ ರಕ್ತ ಹೀರುವ ಉಣ್ಣೆಯಿಂದ. ಬದುಕಿರುವ ಮಂಗನ ಮೈಗೆ ಅವು ಕಚ್ಚಿಕೊಂಡಿರುತ್ತವೆ. ಮಂಗ ಸತ್ತು ಮೈ ತಣ್ಣಗಾದರೆ ಇಳಿದುಬಿಡುತ್ತವೆ. ಇಳಿದು ಅಲ್ಲೇ ತರಗೆಲೆಯ ನಡುವೆ ಇನ್ನೊಂದು ಮೈಗಾಗಿ ಕಾಯುತ್ತವೆ. ಮರಿ ಉಣುಗು ಎಷ್ಟು ಸಣ್ಣದೆಂದರೆ ಕಚ್ಚಿದ್ದೂ ಎಷ್ಟೋ ಸಲ ಗೊತ್ತಾಗೋದಿಲ್ಲ. ನಾವು ನೋಡುವ ಹೊತ್ತಿಗೆ ಅರ್ಧ ಉಣುಗು ಇಳಿದಾಗಿತ್ತು ಅನ್ನಿಸುತ್ತದೆ. ಉಳಿದವನ್ನು ನಾವೇ ಹೊತ್ತುಕೊಂಡು ದಾರಿಯುದ್ದಕ್ಕೂ, ಕೊಟ್ಟಿಗೆವರೆಗೂ ಉದುರಿಸಿದೆವು. ಬೆಂಕಿ ಹಾಕಿದ್ದು ಹೆಣಕ್ಕೆ ಮಾತ್ರ. ಮಂಗ ಬಿದ್ದಿದ್ದ ಜಾಗ ಹಾಗೇ ಉಳಿಯಿತು. ಅಲ್ಲಿ ಉಣುಗು ಸಾಯಿಸುವ ಪುಡಿ ಹಾಕಲಿಲ್ಲ, ಬೇಲಿ ಕಟ್ಟಲಿಲ್ಲ, ಮನೆಯ ಹೆಂಗಸರಿಗೆ ಆ ಕಡೆ ಹೋಗಬೇಡಿ ಎಂದೂ ಹೇಳಲಿಲ್ಲ. ಕೆಲವು ದಿನ ಬಿಟ್ಟು ಅತ್ತಿಗೆ ಕೊಟ್ಟಿಗೆಗೆ ದರಕು (ಒಣಗಿದ ತರಗೆಲೆ) ತರಲು ಅಲ್ಲಿಗೇ ಹೋದರು. ಗುಡಿಸಿ, ಕುತ್ತರಿ ಮಾಡಿ, ಅದರ ಪಕ್ಕವೇ ಕೂತು ಎಲೆ ಅಡಿಕೆ ಹಾಕಿಕೊಂಡು ಬಂದರು.

ಮುಂದಿನ ವಾರ ಚಳಿ ಜ್ವರ, ತಲೆ ಎತ್ತಲಾಗದಷ್ಟು ನೋವು, ವಾಂತಿ. ತೋರಿಸಿದ ಕ್ಲಿನಿಕ್ಕಿನಲ್ಲಿ ವೈರಲ್ ಜ್ವರ ಅಂದರು. ನಾನು ಅವರನ್ನು ದೂರುವುದಿಲ್ಲ. ಆ ಸಲ ನಮ್ಮೂರಲ್ಲಿ ಮಂಗ ಸತ್ತಿದೆ ಎಂಬ ವರದಿ ಎಲ್ಲೂ ಇರಲಿಲ್ಲ, ಮತ್ತೆ ಮಂಗನ ಕಾಯಿಲೆಯ ರಕ್ತಪರೀಕ್ಷೆ ಯಾಕೆ ಬರೆಯುತ್ತಾರೆ? ಜ್ವರ ಬಿಟ್ಟಿತು. ಸಮಾಧಾನವಾಯಿತು ಅಂದುಕೊಳ್ಳುವಾಗ ಮತ್ತೆ ಬಂತು, ಈ ಸಲ ಕೈ ನಡುಕ, ತಡಬಡ ಮಾತು. ಈ ಕಾಯಿಲೆ ಕೆಲವರಿಗೆ ಹೀಗೆ ಎರಡನೇ ಸಲ ತಿರುಗಿ ಬರುತ್ತದೆ. ದೊಡ್ಡಾಸ್ಪತ್ರೆಗೆ ಒಯ್ದ ಮೇಲೆ ಗೊತ್ತಾಯಿತು. ಅತ್ತಿಗೆ ಉಳಿದರು. ಆದರೆ ಆ ಮಳೆಗಾಲ ಪೂರ್ತಿ ಅವರಿಗೆ ಒಂದು ಕೊಡ ನೀರು ಎತ್ತಲಾಗಲಿಲ್ಲ.

ನಾವು ಹೇಳಿದ್ದರೆ ಏನಾಗುತ್ತಿತ್ತು ಎಂದು ಆಮೇಲೆ ಪಕ್ಕದ ಊರಲ್ಲಿ ನೋಡಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದವರು, ಅರಣ್ಯದವರು, ಪಶುವೈದ್ಯರು ಬಂದರು. ಮೈತುಂಬ ಮುಚ್ಚಿಕೊಂಡು ಮಂಗನ ಅಂಗಾಂಗದ ಸ್ಯಾಂಪಲ್ ತೆಗೆದರು, ಹೆಣವನ್ನು ಬಿದ್ದಲ್ಲೇ ಸುಟ್ಟರು. ಸುತ್ತ ಸುಮಾರು 50 ಮೀಟರ್ ಜಾಗವನ್ನು ಅಪಾಯದ ಜಾಗ ಎಂದು ಲೆಕ್ಕ ಹಾಕಿ ಮೆಲಾಥಿಯಾನ್ ಪುಡಿ ಎರಚಿದರು. ಬಿಳಿ ಬಟ್ಟೆಯನ್ನು ನೆಲದ ಮೇಲೆ ಎಳೆದು, ಅಂಟಿಕೊಂಡ ಉಣುಗನ್ನು ಚಿಮಟಿಗೆಯಲ್ಲಿ ಹೆಕ್ಕಿ ಸೀಸೆಗೆ ಹಾಕಿದರು. ಅವೂ ಪರೀಕ್ಷೆಗೆ ಹೋಗುತ್ತವೆ. ಆಶಾ ಮನೆಮನೆಗೆ ಹೋಗಿ ಯಾರಿಗೆ ಜ್ವರ ಎಂದು ಬರೆದುಕೊಂಡರು, ಉಣುಗು ಹತ್ತದ ಹಾಗೆ ಮೈಗೆ ಹಚ್ಚುವ ಡೆಪಾ ಎಣ್ಣೆ ಕೊಟ್ಟರು. ಆ ಪಟ್ಟಿ ಜಿಲ್ಲಾ ಸರ್ವೇಕ್ಷಣಾಧಿಕಾರಿವರೆಗೆ ಹೋಗುತ್ತದೆ. ಜ್ವರ ಇದ್ದವರ ರಕ್ತ ಪರೀಕ್ಷೆಯಾಗುತ್ತದೆ. ಈ ಇಡೀ ಕೆಲಸ ಶುರುವಾಗುವುದು ಒಂದು ಫೋನಿನಿಂದ. ಅದನ್ನು ಮಾಡಬೇಕಾದವರು ತೋಟದ ಯಜಮಾನರು, ಅಂದರೆ ಈಗ ನೀವು.

"ನಾವೇ ಪುಡಿ ತಂದು ಹಾಕಬಹುದಾ" ಎಂದೂ ಕೇಳಿದ್ದೀರಿ. ಬೇಡ. ಸ್ಯಾಂಪಲ್ ಹೋಗದಿದ್ದರೆ ಮಂಗ ಇದೇ ಕಾಯಿಲೆಯಿಂದ ಸತ್ತಿತಾ, ಕರೆಂಟ್ ಹೊಡೆದು ಸತ್ತಿತಾ ಗೊತ್ತಾಗುವುದಿಲ್ಲ. ನಿಮ್ಮೂರಿನ ಡಾಕ್ಟರಿಗೂ ಸುಳಿವು ಸಿಗುವುದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಈ ರೋಗ ಮೊದಲು ಕಣ್ಣಿಗೆ ಬಿದ್ದದ್ದೂ ಮಂಗಗಳು ಸಾಯುತ್ತಿದ್ದುದರಿಂದಲೇ. ಈಗ ಲಸಿಕೆಯ ಆಸರೆಯೂ ಇಲ್ಲ. ಹಳೆಯದು ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು 2022ರಲ್ಲಿ ನಿಲ್ಲಿಸಿದರು. ಇದಕ್ಕೇ ಅಂತ ಔಷಧವೂ ಇಲ್ಲ, ಬೇಗ ಗೊತ್ತಾದರೆ ಆಸ್ಪತ್ರೆಯಲ್ಲಿ ನೋಡಿಕೊಂಡು ಉಳಿಸಿಕೊಳ್ಳಬಹುದು ಅಷ್ಟೇ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಈ ಕಾಯಿಲೆಯಿಂದ ಎಷ್ಟು ಮನೆ ನೊಂದವು ಎಂದು ನಮ್ಮ ಕಡೆಯ ಯಾರನ್ನು ಕೇಳಿದರೂ ಹೇಳುತ್ತಾರೆ.

ಕೂಲಿಯವರ ವಿಷಯದಲ್ಲಿ ನಿಮ್ಮ ಲೆಕ್ಕವೇ ಸರಿಯಿಲ್ಲ, ಕ್ಷಮಿಸಿ. ತರಗೆಲೆಯ ಮೇಲೆ ಬರಿಗಾಲಲ್ಲಿ ಓಡಾಡುವವರು ಅವರು. ಮುಚ್ಚಿಟ್ಟು ಅವರನ್ನು ಕೆಲಸಕ್ಕೆ ಕರೆಯುವುದು ಅನ್ಯಾಯ. ಹೇಳಿ, ಎಣ್ಣೆ ಕೊಡಿ, ಆ ಭಾಗದ ಕೊಯ್ಲು ಮುಂದಕ್ಕೆ ಹಾಕಿ. ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ ಎಂದೂ ಹೇಳಿ, ಅರ್ಧ ಹೆದರಿಕೆ ಅಲ್ಲೇ ಹೋಗುತ್ತದೆ.

ಇಲಾಖೆಯವರು ಬರುವುದು ತಡವಾಗಬಹುದು. ಅಲ್ಲಿವರೆಗೆ ದನಗಳನ್ನು ಆ ದಾರಿಗೆ ಬಿಡಬೇಡಿ. ಇನ್ನೆರಡು ವಾರದಲ್ಲಿ ಮನೆಯಲ್ಲಿ ಯಾರಿಗೇ ಜ್ವರ ಬಂದರೂ ಮೈಕೈ ನೋವಿನ ಮಾತ್ರೆ ತಂದು ನುಂಗಿಸಬೇಡಿ. ಸರ್ಕಾರಿ ಆಸ್ಪತ್ರೆಗೆ ಹೋಗಿ, ಡಾಕ್ಟರ್ ಏನಾದರೂ ಕೇಳುವ ಮುಂಚೆಯೇ ನಮ್ಮ ತೋಟದಲ್ಲಿ ಮಂಗ ಸತ್ತಿತ್ತು ಎಂದು ಹೇಳಿ.