ಹೋಗುವಾಗ ಒಂದು ಲೆಕ್ಕ, ಬರುವಾಗ ಇನ್ನೊಂದು

ಲಾಸ್ ಏಂಜಲೀಸ್‌ಗೆ ಬಂದು ಇನ್ನೂ ತಿಂಗಳಾಗಿಲ್ಲ, ಆಗಲೇ ಟೋಕಿಯೋದಲ್ಲಿರುವ ಅಕ್ಕನನ್ನು ನೋಡಿ ಬರುವ ಯೋಚನೆ! ಹೋಗಿ ಬನ್ನಿ. ದೂರ ಎಷ್ಟು, ಮತ್ತೆ ಟಿಕೆಟ್‌ನಲ್ಲಿ ಹೋಗುವಾಗ ಹನ್ನೆರಡು ಗಂಟೆ, ಬರುವಾಗ ಹತ್ತು ಗಂಟೆ ಅಂತ ಇರುವುದು ತಪ್ಪಾ ಎಂದು ಕೇಳಿದ್ದೀರಿ. ತಪ್ಪಲ್ಲ. ಹದಿನಾಲ್ಕು ವರ್ಷದಿಂದ ಇಲ್ಲಿದ್ದೇನೆ, ಕೆಲಸದ ಮೇಲೆ ಈ ದಾರಿಯಲ್ಲಿ ಸಾಕಷ್ಟು ಓಡಾಡಿದ್ದೇನೆ. ಎರಡೂ ಕಡೆಗೆ ಒಂದೇ ಸಮಯ ಹಿಡಿದದ್ದು ನನಗೆ ನೆನಪಿಲ್ಲ.

ದೂರ ಸುಮಾರು 8,800 ಕಿ.ಮೀ. ಎರಡೂ ಊರು ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಆದರೂ ಸೀಟಿನ ಮುಂದಿನ ಪರದೆಯಲ್ಲಿ ನೋಡಿದರೆ ವಿಮಾನ ಅಲಾಸ್ಕದ ಕಡೆಗೆ ಬಾಗಿಕೊಂಡು ಹೋಗುತ್ತಿರುತ್ತದೆ. ಸುತ್ತುಬಳಸು ದಾರಿ ಅನ್ನಿಸುತ್ತದೆ, ಅಲ್ವಾ? ಒಂದು ಚೆಂಡಿನ ಮೇಲೆ ದಾರ ಬಿಗಿಯಾಗಿ ಎಳೆದು ಹಿಡಿಯಿರಿ, ಗೊತ್ತಾಗುತ್ತದೆ. ನಕ್ಷೆಯ ಅಡ್ಡಗೆರೆ ಹಿಡಿದು ಹೋದರೇನೇ ಸುಮಾರು 500 ಕಿ.ಮೀ. ಜಾಸ್ತಿ.

ಆ ಎರಡು ಗಂಟೆ ತಿನ್ನುವುದು ಗಾಳಿ. ಹತ್ತು ಹನ್ನೊಂದು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನುವ ಗಾಳಿಯ ಹೊಳೆಯೇ ಹರಿಯುತ್ತದೆ. ಚಳಿಗಾಲದಲ್ಲಿ ಅದರ ರಭಸ ಇನ್ನೂ ಜಾಸ್ತಿ. ವಿಮಾನದ ವೇಗ ಗಂಟೆಗೆ 900 ಕಿ.ಮೀ. ಅಂದುಕೊಳ್ಳಿ. ಹೋಗುವಾಗ ಪಶ್ಚಿಮಕ್ಕೆ ಹಾರುತ್ತೀರಿ, ಎದುರುಗಾಳಿ 100 ಇದ್ದರೆ ನೆಲದ ಲೆಕ್ಕಕ್ಕೆ 800, ಅಂದರೆ ಹನ್ನೊಂದು ಗಂಟೆ. ಬರುವಾಗ ಬೆನ್ನಿಗೆ ಅಷ್ಟೇ ಗಾಳಿ ಬಂದರೆ 1,000, ಒಂಬತ್ತು ಗಂಟೆಯೂ ಬೇಡ. ರನ್‌ವೇಗೆ ಹೋಗಿ ಬರುವುದು, ಹತ್ತಿ ಇಳಿಯುವುದು ಎಲ್ಲ ಸೇರಿಸಿ ಟಿಕೆಟ್‌ನಲ್ಲಿ ಹಾಕಿರುತ್ತಾರೆ. ಎದುರುಗಾಳಿ ತಪ್ಪಿಸಿಕೊಳ್ಳಲು ಪೈಲಟ್‌ಗಳು ಕೆಲವು ಸಲ ಇನ್ನೂ ಉತ್ತರಕ್ಕೆ ಹೋಗುತ್ತಾರೆ, ದೂರ ಜಾಸ್ತಿಯಾದರೂ ಸಮಯ ಉಳಿಯುತ್ತದೆ. ಅದಕ್ಕೇ ಹೇಳುವುದು, ಕಿಲೋಮೀಟರ್ ಹಿಡಿದುಕೊಂಡು ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ತಲೆ ಕೆಡಿಸಿಕೊಳ್ಳಬೇಕಾದದ್ದು ತಾರೀಖಿಗೆ. ದಾರಿಯಲ್ಲಿ ದಿನಾಂಕ ರೇಖೆ, ಅಂದರೆ ತಾರೀಖು ಬದಲಾಗುವ ಗೆರೆ, ದಾಟುತ್ತೀರಿ. ಟೋಕಿಯೋ ನಮಗಿಂತ ಬೇಸಿಗೆಯಲ್ಲಿ 16 ಗಂಟೆ, ಚಳಿಗಾಲದಲ್ಲಿ 17 ಗಂಟೆ ಮುಂದೆ. ಶುಕ್ರವಾರ ಮಧ್ಯಾಹ್ನ ಇಲ್ಲಿ ಹತ್ತಿದರೆ ಇಳಿಯುವುದು ಶನಿವಾರ ಸಾಯಂಕಾಲದ ಹೊತ್ತಿಗೆ. ಮಜಾ ಏನೆಂದರೆ ನಡುವೆ ಕತ್ತಲೇ ಆಗುವುದಿಲ್ಲ, ಕಿಟಕಿಯಾಚೆ ಉದ್ದಕ್ಕೂ ಮಧ್ಯಾಹ್ನವೇ. ಮೊದಲ ಸಲ ನಾನು ಶುಕ್ರವಾರ ರಾತ್ರಿಗೇ ಹೋಟೆಲ್ ಬುಕ್ ಮಾಡಿದ್ದೆ. ಬ್ಯಾಗ್ ಎಳೆದುಕೊಂಡು ಕೌಂಟರ್ ಹತ್ತಿರ ನಿಂತರೆ, "ನೀವು ನಿನ್ನೆ ಬರಬೇಕಿತ್ತು" ಎಂದರು. ರೂಮು ಬೇರೆಯವರಿಗೆ ಹೋಗಿತ್ತು, ದುಡ್ಡೂ ಹೋಯಿತು. ಟಿಕೆಟ್‌ನಲ್ಲಿ ಇಳಿಯುವ ಸಮಯದ ಪಕ್ಕ ಪುಟ್ಟದಾಗಿ +1 (ಮಾರನೇ ದಿನ) ಅಂತ ಇತ್ತು, ನಾನು ನೋಡಿರಲಿಲ್ಲ ಅಷ್ಟೇ.

ಬರುವಾಗ ಇದು ಉಲ್ಟಾ. ಸಾಯಂಕಾಲ ಅಲ್ಲಿ ಹೊರಟರೆ ಅದೇ ದಿನ ಬೆಳಿಗ್ಗೆ ಇಲ್ಲಿ ಇಳಿದಿರುತ್ತೀರಿ. ನಿದ್ದೆ ಕೆಡುವುದೂ ಈ ಕಡೆಗೇ ಜಾಸ್ತಿ. ಮಾರನೇ ದಿನ ಆಫೀಸಿಗೆ ರಜೆ ಹಾಕಿ.

ಅಕ್ಕನಿಗೆ ಫೋನ್ ಮಾಡುವಾಗ ಮಾತ್ರ ಹೊರಡುವ ದಿನ ಹೇಳಬೇಡಿ, ಇಳಿಯುವ ದಿನ ಹೇಳಿ. ಪಾಪ, ಒಂದು ದಿನ ಮೊದಲೇ ಏರ್‌ಪೋರ್ಟಿಗೆ ಬಂದು ನಿಂತಾರು.